ಅಪ್ಪ ಅಮ್ಮನ ಅಮೆರಿಕ ವೀಸಾ: ಫಾರ್ಮ್ ಮಾತ್ರ ಮನೆಯಲ್ಲೇ ಕೂತು ತುಂಬಿ

ಮಗಳಿಗೋ ಸೊಸೆಗೋ ಅಲ್ಲಿ ಹೆರಿಗೆ ಅಂತ ಸುದ್ದಿ ಬಂದ ಕೂಡಲೇ ಇಲ್ಲಿ ವೀಸಾ ಗಡಿಬಿಡಿ ಶುರುವಾಗುತ್ತದೆ. ನಮ್ಮ ಮನೆಯಲ್ಲೂ ಹಾಗೇ ಆಯಿತು. ತಂಗಿ ನ್ಯೂಜೆರ್ಸಿಯಲ್ಲಿ, ಅಪ್ಪ ಅಮ್ಮ ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ, ನಾನು ಬೆಂಗಳೂರಲ್ಲಿ. ಆಫೀಸಿನ ಕೆಲಸದಲ್ಲಿ ಪುರುಸೊತ್ತಿಲ್ಲ ಅಂತ ಒಬ್ಬ ಏಜೆಂಟಿಗೆ ಪಾಸ್‌ಪೋರ್ಟ್ ಪ್ರತಿ, ದುಡ್ಡು ಎರಡೂ ಕೊಟ್ಟು ಕೈ ತೊಳೆದುಕೊಂಡೆ. ಇಬ್ಬರಿಗೂ ವೀಸಾ ಸಿಗಲಿಲ್ಲ. ಆಮೇಲೆ ಅವನು ತುಂಬಿದ ಫಾರ್ಮ್ ತರಿಸಿ ಓದಿದೆ ನೋಡಿ, ಅಪ್ಪ ಸಂದರ್ಶನದ ಕಿಟಕಿಯಲ್ಲಿ "ಎರಡು ತಿಂಗಳು ಇರ್ತೀವಿ" ಅಂದಿದ್ದರು, ಫಾರ್ಮಿನಲ್ಲಿ ಆರು ತಿಂಗಳು ಅಂತಿತ್ತು. ಅಪ್ಪನ ಕೆಲಸದ ಜಾಗದಲ್ಲಿ ಬರೀ "ನಿವೃತ್ತ" ಅಂತಿತ್ತು, ಐದು ಎಕರೆ ಅಡಿಕೆ ತೋಟದ ಸುದ್ದಿಯೇ ಇರಲಿಲ್ಲ. ಯಾಕೆ ಕೊಡಲಿಲ್ಲ ಅಂತ ವೀಸಾ ಅಧಿಕಾರಿಗಳು ಬಿಡಿಸಿ ಹೇಳುವುದಿಲ್ಲ, ಆದರೆ ಆ ಫಾರ್ಮ್ ಓದಿದರೆ ನಾನೇ ಕೊಡುತ್ತಿರಲಿಲ್ಲ. ಎರಡನೇ ಸಲ ನಾವೇ ತುಂಬಿದೆವು, ಸಿಕ್ಕಿತು. ಅದಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಅಪ್ಪ ಅಮ್ಮ ಮಕ್ಕಳನ್ನು ನೋಡಲು ಹೋಗುವುದು ಬಿ1/ಬಿ2 ವೀಸಾದಲ್ಲಿ. ಬಿ1 ವ್ಯವಹಾರಕ್ಕೆ, ಬಿ2 ಪ್ರವಾಸಕ್ಕೆ, ನೆಂಟರನ್ನು ನೋಡುವುದಕ್ಕೆ. ನಮ್ಮವರಿಗೆ ಸಾಮಾನ್ಯವಾಗಿ ಎರಡನ್ನೂ ಸೇರಿಸಿ 10 ವರ್ಷಕ್ಕೆ ಕೊಡುತ್ತಾರೆ. ಅದಕ್ಕೆ ತುಂಬಬೇಕಾದ ಫಾರ್ಮ್ ಡಿಎಸ್-160. ಆನ್‌ಲೈನ್‌ನಲ್ಲಿ ಇಂಗ್ಲಿಷಿನಲ್ಲೇ ತುಂಬಬೇಕು, ತಲೆಗೊಂದು ಬೇರೆ ಬೇರೆ. ವಿಳಾಸದ ಕೊನೆಯಲ್ಲಿ "ಡಾಟ್ ಗವ್" ಇರುವ ಸರ್ಕಾರಿ ಸೈಟಿನಲ್ಲಿ ಫಾರ್ಮ್ ತುಂಬಲು ಒಂದು ಪೈಸೆಯೂ ಇಲ್ಲ. ದುಡ್ಡು ಕೇಳಿದರೆ ನೀವು ಬೇರೆ ಎಲ್ಲೋ ಇದ್ದೀರಿ ಅಂತ ಅರ್ಥ.

ಫಾರ್ಮ್ ತೆರೆದ ಕೂಡಲೇ ಒಂದು ಅಪ್ಲಿಕೇಶನ್ ಐಡಿ ಬರುತ್ತದೆ. ಅದನ್ನು ಮೊದಲು ಬರೆದಿಟ್ಟುಕೊಳ್ಳಿ, ಯಾಕೆಂದರೆ 20 ನಿಮಿಷ ಏನೂ ಮಾಡದೆ ಬಿಟ್ಟರೆ ಪುಟ ಮುಚ್ಚಿಹೋಗುತ್ತದೆ, ಮತ್ತು ನಿಮ್ಮ ಅಮ್ಮ "ತಾಳು, ಒಲೆ ಮೇಲೆ ಹಾಲಿಟ್ಟಿದ್ದೀನಿ" ಅಂತ ಎದ್ದು ಹೋಗುವುದು ಗ್ಯಾರಂಟಿ.

ಹೆಸರಿನ ಜಾಗದಲ್ಲೇ ನಮ್ಮವರಿಗೆ ಮೊದಲ ತೊಡಕು. ನಮ್ಮ ಕಡೆ ಹಿರಿಯರಿಗೆ ಸರ್‌ನೇಮ್ ಎಲ್ಲಿರುತ್ತದೆ? ಇನಿಶಿಯಲ್ ಇರುತ್ತದೆ, ಇಲ್ಲ ಅಂದರೆ ಅದೂ ಇಲ್ಲ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಬಿಟ್ಟು ಬರೀ "ಸಾವಿತ್ರಮ್ಮ" ಅಂತ ಒಂದೇ ಹೆಸರಿದ್ದರೆ, ಡಿಎಸ್-160ಯಲ್ಲಿ ಆ ಹೆಸರನ್ನು ಸರ್‌ನೇಮ್ ಜಾಗಕ್ಕೆ ಹಾಕಬೇಕು, ಗಿವನ್ ನೇಮ್ ಜಾಗದಲ್ಲಿ "ಎಫ್‌ಎನ್‌ಯು" ಅಂತ ಬರೆಯಬೇಕು. ಅದರರ್ಥ "ಮೊದಲ ಹೆಸರು ಗೊತ್ತಿಲ್ಲ". ವೀಸಾ ಮೇಲೂ ಹಾಗೇ ಬರುತ್ತದೆ. ನಮ್ಮಮ್ಮ ಅದನ್ನು ನೋಡಿ "ಅರವತ್ತೆರಡು ವರ್ಷದಿಂದ ಇರೋ ಹೆಸರು ಇವರಿಗೆ ಗೊತ್ತಿಲ್ವಂತಾ?" ಅಂತ ಒಂದು ವಾರ ಗೊಣಗಿದರು. ಗಾಬರಿ ಬೇಡ, ತಪ್ಪೇನೂ ಆಗಿಲ್ಲ.

ಹುಟ್ಟಿದ ತಾರೀಖೂ ಅಷ್ಟೇ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು ಒಂದು, ಮನೆಯವರಿಗೆ ಗೊತ್ತಿರುವುದು ಇನ್ನೊಂದು. ಫಾರ್ಮಿಗೆ ಬೇಕಾಗಿರುವುದು ಪಾಸ್‌ಪೋರ್ಟಿನಲ್ಲಿರುವ ತಾರೀಖು. ಜಾತಕ ತೆಗೆಯಬೇಡಿ.

ಇನ್ನು ಸತ್ಯ ಹೇಳಬೇಕಾದ ಜಾಗಗಳು. ಅಮೆರಿಕದಲ್ಲಿ ಮಕ್ಕಳು, ಒಡಹುಟ್ಟಿದವರು ಇದ್ದಾರಾ ಅಂತ ಕೇಳುತ್ತಾರೆ. ಹಿಂದೆ ವೀಸಾ ತಿರಸ್ಕಾರ ಆಗಿದೆಯಾ ಅಂತ ಕೇಳುತ್ತಾರೆ. ನಿಮ್ಮ ಪರವಾಗಿ ಯಾರಾದರೂ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ್ದಾರಾ ಅಂತಲೂ ಇದೆ. ಐದು ವರ್ಷದಲ್ಲಿ ಬಳಸಿದ ಸೋಷಿಯಲ್ ಮೀಡಿಯಾ ಖಾತೆ, ಫೋನ್ ನಂಬರ್ ಎಲ್ಲಾ ಬೇಕು. ಅಪ್ಪನ ಫೇಸ್‌ಬುಕ್ ಖಾತೆ, ಬರೀ ಗುಡ್ ಮಾರ್ನಿಂಗ್ ಫೋಟೋ ಹಾಕುವಂಥದ್ದೇ ಆದರೂ, ಬರೆಯಲೇಬೇಕು. ಕೊನೆ ಪುಟದಲ್ಲಿ "ಫಾರ್ಮ್ ತುಂಬಲು ಯಾರಾದರೂ ಸಹಾಯ ಮಾಡಿದರಾ" ಅಂತ ಇದೆ. ಮಗ ತುಂಬಿದರೂ, ಏಜೆಂಟ್ ತುಂಬಿದರೂ ಹೌದು ಅಂತಲೇ ಹಾಕಿ ಅವರ ಹೆಸರು ಕೊಡಿ. ನಮ್ಮ ಏಜೆಂಟ್ ಇಲ್ಲ ಅಂತ ಹಾಕಿದ್ದ! ಒಂದು ಸಣ್ಣ ಸುಳ್ಳು ಸಿಕ್ಕಿಬಿದ್ದರೆ ಉಳಿದ ನಿಜವನ್ನೂ ನಂಬುವುದಿಲ್ಲ, ಮನೆಯಲ್ಲಿ ಹೇಗೋ ಅಲ್ಲೂ ಹಾಗೇ.

ಕೆಲಸದ ಜಾಗದಲ್ಲಿ ಯೋಚನೆ ಮಾಡಿ ತುಂಬಿ. ಅಪ್ಪ ನಿವೃತ್ತ ಮೇಷ್ಟ್ರು ನಿಜ, ಆದರೆ ಈಗ ದಿನವೂ ಮಾಡುವುದು ತೋಟದ ಕೆಲಸ. ಎರಡನೇ ಸಲ ಕೃಷಿ ಅಂತ ಹಾಕಿ, ಹಿಂದಿನ ಕೆಲಸದ ಜಾಗದಲ್ಲಿ ಶಾಲೆಯ ವಿವರ ಕೊಟ್ಟೆವು.

ಫೋಟೋ 2 ಇಂಚಿಗೆ 2 ಇಂಚು, ಹಿಂದೆ ಬಿಳಿ, ಕನ್ನಡಕ ಹಾಕುವಂತಿಲ್ಲ. ಸ್ಟುಡಿಯೋದವರಿಗೆ ಅಮೆರಿಕ ವೀಸಾಗೆ ಅಂದರೆ ಸಾಕು. ಫಾರ್ಮ್ ಕಳಿಸಿದ ಮೇಲೆ ಬರುವ ಬಾರ್‌ಕೋಡ್ ಪುಟವನ್ನು ಪ್ರಿಂಟ್ ತೆಗೆದಿಡಿ. ಅದರ ನಂಬರೂ ಅಪಾಯಿಂಟ್‌ಮೆಂಟ್ ಬುಕ್ ಮಾಡುವಾಗ ಕೊಟ್ಟ ನಂಬರೂ ಒಂದೇ ಇರಬೇಕು, ಮಧ್ಯದಲ್ಲಿ ಫಾರ್ಮ್ ಬದಲಾಯಿಸಿ ಹಳೇ ನಂಬರ್ ಹಾಗೇ ಬಿಟ್ಟರೆ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ.

ಶುಲ್ಕ ತಲೆಗೆ 185 ಡಾಲರ್. 2023ರ ಜೂನ್‌ಗೆ ಮುಂಚೆ 160 ಇತ್ತು. 2025ರ ಜುಲೈನಲ್ಲಿ ಬಂದ ಕಾನೂನಿನಲ್ಲಿ ಇನ್ನೂ 250 ಡಾಲರ್‌ನ ಒಂದು ಶುಲ್ಕ ಸೇರಿದೆ, ಹಾಗಾಗಿ ಕಟ್ಟುವ ದಿನ ಸೈಟಿನಲ್ಲಿ ಎಷ್ಟಿದೆ ಅಂತ ನೋಡಿಕೊಳ್ಳಿ. ವೀಸಾ ಸಿಗಲಿ ಬಿಡಲಿ, ಅರ್ಜಿಗೆ ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ. ಕಟ್ಟಿದ ರಸೀದಿಗೆ ಒಂದು ವರ್ಷ ಆಯಸ್ಸು, ಅಷ್ಟರೊಳಗೆ ಸಂದರ್ಶನದ ಸ್ಲಾಟ್ ಬುಕ್ ಮಾಡಿರಬೇಕು.

ಸ್ಲಾಟ್ ಎರಡು ಬೇಕು. ಒಂದು ಬೆರಳಚ್ಚು, ಫೋಟೋಗೆ. ಇನ್ನೊಂದು ಸಂದರ್ಶನಕ್ಕೆ. ಸಂದರ್ಶನ ನಡೆಯುವುದು ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತ, ಹೈದರಾಬಾದ್‌ಗಳಲ್ಲಿ. 2025ರ ಜನವರಿಯಲ್ಲಿ ಬೆಂಗಳೂರಲ್ಲೂ ಕಾನ್ಸುಲೇಟ್ (ಅಮೆರಿಕದ ದೂತಾವಾಸ ಕಚೇರಿ) ಉದ್ಘಾಟನೆಯಾಯಿತು, ಆದರೆ ಆಗ ವೀಸಾ ಕೆಲಸ ಶುರು ಮಾಡಿರಲಿಲ್ಲ. ಬುಕ್ ಮಾಡುವಾಗ ಪಟ್ಟಿಯಲ್ಲಿ ಬೆಂಗಳೂರು ಕಾಣದಿದ್ದರೆ ಹುಡುಕುತ್ತಾ ಕೂರಬೇಡಿ, ಚೆನ್ನೈಗೋ ಹೈದರಾಬಾದಿಗೋ ಹೊರಡಿ. ಕಾಯುವ ಕಾಲ ಒಮ್ಮೊಮ್ಮೆ ಹಲವು ತಿಂಗಳು ಹೋಗುತ್ತದೆ. ಮೂರನೇ ತಿಂಗಳಲ್ಲಿ ಮಗಳು ಸಿಹಿ ಸುದ್ದಿ ಕೊಟ್ಟ ದಿನವೇ ಫಾರ್ಮ್ ತೆರೆದರೆ ಒಳ್ಳೆಯದು, ಸೀಮಂತ ಆದಮೇಲೆ ನೋಡೋಣ ಅಂದರೆ ಮಗುವಿನ ನಾಮಕರಣವೂ ವಿಡಿಯೋ ಕಾಲ್‌ನಲ್ಲೇ ಆಗುತ್ತದೆ. ಅಪ್ಪ ಅಮ್ಮನ ಸ್ಲಾಟನ್ನು ಒಟ್ಟಿಗೇ ಬುಕ್ ಮಾಡಿ. ಹಿಂದೆ 79 ದಾಟಿದವರಿಗೆ ಸಂದರ್ಶನ ಇಲ್ಲದೆ ಆಗುತ್ತಿತ್ತು, 2025ರ ಸೆಪ್ಟೆಂಬರ್‌ನಿಂದ ಆ ವಿನಾಯಿತಿ ತೆಗೆದಿದ್ದಾರೆ, ಅಜ್ಜಿಯನ್ನೂ ಕರೆದುಕೊಂಡು ಹೋಗಬೇಕು. 10 ವರ್ಷದ ಹಳೇ ಬಿ1/ಬಿ2 ಮುಗಿದು 12 ತಿಂಗಳೊಳಗೆ ನವೀಕರಣಕ್ಕೆ ಹೋಗುವವರಿಗೆ ಮಾತ್ರ ಸಂದರ್ಶನ ಬೇಡದಿರಬಹುದು.

ಚೆನ್ನೈ ಕಾನ್ಸುಲೇಟ್ ಅಣ್ಣಾ ಸಾಲೈಯಲ್ಲಿ, ಜೆಮಿನಿ ಸರ್ಕಲ್ ಹತ್ತಿರ. ಒಳಗೆ ಮೊಬೈಲ್ ಬಿಡುವುದಿಲ್ಲ. ಹಾಗಾಗಿ ಜೊತೆಗೆ ಹೋದವರು ಹೊರಗೆ ಬ್ಯಾಗು, ಫೋನು ಹಿಡಿದು ನಿಲ್ಲಬೇಕು. ಎಲ್ಲಿ ಸಿಗಬೇಕು ಅಂತ ಮೊದಲೇ ಗಟ್ಟಿಮಾಡಿಕೊಳ್ಳಿ. ನಾನು ಹೇಳದೇ ಟೀ ಕುಡಿಯಲು ಹೋಗಿ, ಅಪ್ಪ ಅಮ್ಮ ಬಿಸಿಲಲ್ಲಿ ಅರ್ಧ ಗಂಟೆ ನನ್ನನ್ನು ಹುಡುಕಿದ್ದರು.

ಸಂದರ್ಶನ ಅಂದರೆ ದೊಡ್ಡ ಪರೀಕ್ಷೆ ಅಂದುಕೊಂಡಿರುತ್ತಾರೆ, ಅಲ್ವಾ? ಗಾಜಿನ ಕಿಟಕಿ ಮುಂದೆ ನಿಂತು ಎರಡು ಮೂರು ನಿಮಿಷದ ಮಾತು, ಅಷ್ಟೇ. ನಾವು ಪಹಣಿ, ಬ್ಯಾಂಕ್ ಪಾಸ್‌ಬುಕ್, ಪಿಂಚಣಿ ಪತ್ರ, ತಂಗಿಯ ಸಂಬಳದ ಚೀಟಿ ಅಂತ ಒಂದು ದಪ್ಪ ಫೈಲು ಮಾಡಿದ್ದೆವು. ಒಂದು ಹಾಳೆಯನ್ನೂ ಕೇಳಲಿಲ್ಲ. ಅಮೆರಿಕದಿಂದ ಆಹ್ವಾನ ಪತ್ರ ಬೇಕೇಬೇಕು ಅಂತ ಕೆಲವರು ಹೆದರಿಸುತ್ತಾರೆ, ಬೇಕಾಗಿಲ್ಲ ಅಂತ ಅವರ ಸರ್ಕಾರವೇ ಹೇಳುತ್ತದೆ. ಫೈಲು ಕೈಯಲ್ಲಿರಲಿ, ಧೈರ್ಯಕ್ಕೆ. ತಾನಾಗಿ ತೆಗೆದು ತೋರಿಸಲು ಹೋಗಬಾರದು.

ಅಲ್ಲಿನ ಕಾನೂನಿನ 214(ಬಿ) ಅನ್ನುವ ಕಲಮಿನ ಪ್ರಕಾರ, ವೀಸಾ ಕೇಳಿ ಬಂದವರೆಲ್ಲ ಅಲ್ಲೇ ನೆಲೆಸಲು ಬಂದವರು ಅಂತಲೇ ಅಧಿಕಾರಿ ಲೆಕ್ಕ ಹಿಡಿಯಬೇಕು. ಅಲ್ಲ, ವಾಪಸ್ ಬರುತ್ತೇವೆ ಅಂತ ತೋರಿಸುವುದು ನಮ್ಮ ಕೆಲಸ. ಎರಡನೇ ಸಲ ಅಪ್ಪನನ್ನು "ಯಾಕೆ ವಾಪಸ್ ಬರ್ತೀರಿ?" ಅಂತ ಕೇಳಿದರಂತೆ. ಅಪ್ಪ ನಾನು ಹೇಳಿಕೊಟ್ಟಿದ್ದೆಲ್ಲ ಮರೆತು "ಬರದೇ ಇದ್ದರೆ ಅಡಿಕೆ ಕೊಯ್ಲು ಯಾರು ಮಾಡಿಸ್ತಾರೆ?" ಅಂದರಂತೆ. ಇಷ್ಟು ಚೆನ್ನಾಗಿ ನಾನು ಬರೆದುಕೊಡಲು ಆಗುತ್ತಿರಲಿಲ್ಲ. ಅದಕ್ಕೇ ಹೇಳುವುದು, ಉತ್ತರ ಬಾಯಿಪಾಠ ಮಾಡಿಸಬೇಡಿ. ಮಗಳು ಯಾವ ಊರಲ್ಲಿದ್ದಾಳೆ, ಏನು ಕೆಲಸ, ಎಷ್ಟು ದಿನ ಇರುತ್ತೀರಿ, ಖರ್ಚು ಯಾರದು, ಇಲ್ಲಿ ಮನೆ ತೋಟ ಯಾರು ನೋಡುತ್ತಾರೆ, ಇಷ್ಟನ್ನು ಊಟ ಮಾಡುವಾಗ ಮಾತಾಡಿಕೊಂಡಿದ್ದರೆ ಸಾಕು.

ಬಾಣಂತನದ ವಿಷಯ. ಹೆರಿಗೆ ಸುದ್ದಿ ಮುಚ್ಚಿಡಿ ಅಂತ ಸಲಹೆ ಕೊಡುವವರಿದ್ದಾರೆ, ನನಗೆ ಅದು ಸರಿ ಕಾಣುವುದಿಲ್ಲ. ಕೇಳಿದರೆ ನಿಜವನ್ನೇ ಹೇಳಿ. ತೊಂದರೆ ಇರುವುದು ಅನುವಾದದಲ್ಲಿ. ಬಾಣಂತನ ಅನ್ನುವ ಮಾತಿಗೆ ಇಂಗ್ಲಿಷಿನಲ್ಲಿ ಸರಿಯಾದ ಪದ ಇಲ್ಲ, ಅರ್ಧಂಬರ್ಧ ಇಂಗ್ಲಿಷಿನಲ್ಲಿ ಹೇಳಲು ಹೋದರೆ ಸಂಬಳಕ್ಕೆ ಮಗು ನೋಡಿಕೊಳ್ಳಲು ಹೋಗುವವರ ಹಾಗೆ ಕೇಳಿಸುತ್ತದೆ, ಮತ್ತು ಬಿ2ನಲ್ಲಿ ಕೆಲಸ ಮಾಡುವಂತಿಲ್ಲ. "ಮಗಳಿಗೆ ಹೆರಿಗೆ, ಅವಳನ್ನೂ ಮೊಮ್ಮಗುವನ್ನೂ ನೋಡಿ ಎರಡು ತಿಂಗಳು ಇದ್ದು ಬರ್ತೀವಿ" ಅಂದರೆ ವಿಷಯ ಪೂರ್ತಿ ಬಂತು. ಇಂಗ್ಲಿಷ್ ಬಾರದಿದ್ದರೆ ನಾಚಿಕೆ ಬೇಡ, ಯಾವ ಭಾಷೆ ಬರುತ್ತದೆ ಅಂತ ಕಿಟಕಿಗೆ ಹೋದ ಕೂಡಲೇ ಹೇಳಿ.

ಸಿಗದಿದ್ದರೆ ಮೇಲ್ಮನವಿ ಇಲ್ಲ. ಮತ್ತೆ ಫಾರ್ಮ್, ಮತ್ತೆ ದುಡ್ಡು. ಎಷ್ಟು ದಿನ ಬಿಟ್ಟು ಹಾಕಬೇಕು ಅಂತ ನಿಯಮವಿಲ್ಲ, ಆದರೆ ಅದೇ ಫಾರ್ಮನ್ನು ಹಾಗೇ ಮತ್ತೆ ಕಳಿಸಿದರೆ ಉತ್ತರವೂ ಅದೇ ಬರುವ ಸಾಧ್ಯತೆ ಜಾಸ್ತಿ.

ಟಿಕೆಟನ್ನು ವೀಸಾ ಅಂಟಿಸಿದ ಪಾಸ್‌ಪೋರ್ಟ್ ಕೈಗೆ ಬಂದಮೇಲೆ ತೆಗೆಯಿರಿ. ಪಾಸ್‌ಪೋರ್ಟ್ ಮುಗಿದರೂ ವೀಸಾ ಮುಗಿಯುವುದಿಲ್ಲ, ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ತೋರಿಸಬಹುದು, ಹಳೇದನ್ನು ಬೀರುವಿನಲ್ಲಿ ಮರೆತು ಹೋಗಬೇಡಿ. ಆರೋಗ್ಯ ವಿಮೆ ಕಡ್ಡಾಯವಲ್ಲ, ಆದರೆ ಅಲ್ಲಿನ ಆಸ್ಪತ್ರೆ ಬಿಲ್ಲು ಕೇಳಿದರೆ ವಿಮೆ ಇಲ್ಲದೆ ಕಳಿಸಲು ಮನಸ್ಸು ಬರುವುದಿಲ್ಲ. ಬಿಪಿ, ಶುಗರ್ ಮಾತ್ರೆಗಳನ್ನು ಅವುಗಳ ಸ್ಟ್ರಿಪ್‌ನಲ್ಲೇ ಇಟ್ಟು, ಡಾಕ್ಟರ ಚೀಟಿ ಜೊತೆ ಕೈಚೀಲದಲ್ಲಿ ಹಾಕಿ.

ಪೆಟ್ಟಿಗೆ ತುಂಬುವಾಗ ಅಮ್ಮನ ಪಕ್ಕ ಕೂತಿರಿ. ಸಾರಿನ ಪುಡಿ, ಸಾಂಬಾರ್ ಪುಡಿ ತೊಂದರೆಯಿಲ್ಲ. ಹಸಿ ಕರಿಬೇವು ಬೇಡವೇ ಬೇಡ, ಕಿತ್ತಳೆ ನಿಂಬೆ ಗಿಡಗಳಿಗೆ ರೋಗ ತರುವ ಹುಳ ಅದರಲ್ಲಿರುತ್ತದೆ ಅಂತ ಅಲ್ಲಿ ನಿಷೇಧ. ಹಣ್ಣು, ತರಕಾರಿ, ಬಿತ್ತನೆ ಬೀಜ, ಮಾಂಸ ಬೇಡ. ಅಕ್ಕಿಯೂ ಬೇಡ, ಅದಕ್ಕೂ ಒಂದು ಹುಳದ ಕಾರಣವೇ. 2021ರಲ್ಲಿ ವಾಷಿಂಗ್ಟನ್‌ನ ಡಲ್ಲಸ್ ವಿಮಾನ ನಿಲ್ದಾಣದಲ್ಲಿ ಭಾರತದಿಂದ ಬಂದ ಒಂದು ಪೆಟ್ಟಿಗೆಯಲ್ಲಿ ಎರಡು ಬೆರಣಿ ಸಿಕ್ಕಿ ಅವನ್ನು ನಾಶ ಮಾಡಿದ್ದರು, ಹೋಮಕ್ಕೋ ಏನೋ ಪಾಪ. ತಿನ್ನುವ ಪದಾರ್ಥ ಏನೇ ಇದ್ದರೂ ಇದೆ ಅಂತ ಹೇಳಿಬಿಡಿ. ಹೇಳಿದ್ದನ್ನು ಬೇಡ ಅಂದರೆ ಸುಮ್ನೆ ಎಸೆಯುತ್ತಾರೆ, ಮುಚ್ಚಿಟ್ಟದ್ದು ಸಿಕ್ಕರೆ ದಂಡ ಹಾಕುತ್ತಾರೆ.

ವೀಸಾ ಇದ್ದರೆ ಒಳಗೆ ಹೋದಂತೆಯೇ ಅಂತ ಅಲ್ಲ. ಅಲ್ಲಿ ಇಳಿದ ಮೇಲೆ ಇನ್ನೊಬ್ಬ ಅಧಿಕಾರಿ ಬೆರಳಚ್ಚು, ಫೋಟೋ ತೆಗೆದು ಎಲ್ಲಿ ಇರುತ್ತೀರಿ, ಎಷ್ಟು ದಿನ ಅಂತ ಕೇಳುತ್ತಾರೆ. ತಂಗಿಯ ವಿಳಾಸ, ಫೋನ್ ನಂಬರನ್ನು ಕಾಗದದ ಮೇಲೆ ಬರೆದುಕೊಟ್ಟಿರಿ, ಫೋನ್ ಬ್ಯಾಟರಿ ಆ ಹೊತ್ತಿಗೇ ಸಾಯುತ್ತದೆ. ಎಷ್ಟು ದಿನ ಇರಬಹುದು ಅಂತ ಹೇಳುವುದು ಈ ಅಧಿಕಾರಿಯೇ, ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ವೀಸಾ ಮೇಲಿನ 10 ವರ್ಷ ಬಂದು ಹೋಗುವುದಕ್ಕೆ, ಕೂರುವುದಕ್ಕಲ್ಲ. ಕೊಟ್ಟ ತಾರೀಖು ಒಂದು ದಿನ ಮೀರಿದರೂ ಆ ವೀಸಾ ತಾನೇ ರದ್ದಾಗುತ್ತದೆ. ಅನಿವಾರ್ಯವಾಗಿ ಇರಬೇಕಾದರೆ ತಾರೀಖಿಗೆ ಮುಂಚೆಯೇ ಐ-539 ಅರ್ಜಿ ಹಾಕಬೇಕು.

ಆ ತಾರೀಖು ಪಾಸ್‌ಪೋರ್ಟಿನ ಮುದ್ರೆಯಲ್ಲಿ ಸಿಗದಿದ್ದರೆ ಹೆದರಬೇಡಿ, ಐ-94 ಅನ್ನುವ ದಾಖಲೆಯಲ್ಲಿ ಇರುತ್ತದೆ, ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಮನೆ ಮುಟ್ಟಿದ ಮರುದಿನ ತೆಗೆದು ನೋಡಿ. ಅಪ್ಪನದು ತಕ್ಷಣ ಸಿಕ್ಕಿತು. ಅಮ್ಮನದು ಎಷ್ಟು ಹುಡುಕಿದರೂ ಸಿಗಲಿಲ್ಲ, ಕೊನೆಗೆ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಹಾಕಿದಾಗ ಬಂತು.