ನಿಂತ ಬಸ್ಸಿನ ಸ್ಟಾರ್ಟಿಂಗ್ ಬ್ಯಾಟರಿಗಳನ್ನು ನಾನು ಚಾರ್ಜ್ ಮಾಡುವ ಬಗೆ

ಪ್ರಯಾಣಿಕರನ್ನು ಹೊತ್ತು ದಿನವೂ ಓಡುತ್ತಿದ್ದ ಬಸ್ಸನ್ನು ವಾಸದ ಮನೆಯಾಗಿ ಮಾರ್ಪಡಿಸಿದಾಗ ಅದರ ದಿನಚರಿಯೇ ಬದಲಾಗುತ್ತದೆ. ಮೊದಲು ಗಂಟೆಗಟ್ಟಲೆ ಓಡಿ ಕೆಲವೇ ಗಂಟೆ ನಿಲ್ಲುತ್ತಿದ್ದ ವಾಹನ ಈಗ ವಾರಗಟ್ಟಲೆ ನಿಂತು ಒಂದು ದಿನ ಓಡುತ್ತದೆ. ಮಾರ್ಪಾಡು ಮಾಡುವವರ ಗಮನವೆಲ್ಲ ಚಾವಣಿಯ ಸೋಲಾರ್ ಫಲಕಗಳ ಮೇಲೂ ಒಳಗಿನ ಲಿಥಿಯಂ ಬ್ಯಾಟರಿಯ ಮೇಲೂ ಇರುವುದರಿಂದ, ಎಂಜಿನ್ ಎಬ್ಬಿಸುವ ಹಳೆಯ ಜೋಡಿ ಬ್ಯಾಟರಿಗಳು ಯಾರ ಲೆಕ್ಕಕ್ಕೂ ಬಾರದೆ ಉಳಿದುಬಿಡುತ್ತವೆ. ನನ್ನ ಬಸ್ಸಿನಲ್ಲಿ 12 ವೋಲ್ಟ್‌ನ ಎರಡು ಸೀಸ-ಆಮ್ಲ ಬ್ಯಾಟರಿಗಳು ಸರಣಿಯಲ್ಲಿ ಸೇರಿ 24 ವೋಲ್ಟ್ ಕೊಡುತ್ತವೆ. ಮನೆಬಳಕೆಗೆ ಪ್ರತ್ಯೇಕವಾಗಿ 24 ವೋಲ್ಟ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದೆ. ಎರಡನೆಯದರಿಂದ ಮೊದಲನೆಯದನ್ನು ಸದಾ ತುಂಬಿದ ಸ್ಥಿತಿಯಲ್ಲಿಡಲು ನಾನು ಮಾಡಿಕೊಂಡ ವ್ಯವಸ್ಥೆಯನ್ನು ಇಲ್ಲಿ ವಿವರಿಸುತ್ತೇನೆ.

ಎಂಜಿನ್ ಸ್ಟಾರ್ಟ್ ಮಾಡುವುದರಿಂದಲೇ ಬ್ಯಾಟರಿ ಬರಿದಾಗುತ್ತದೆ ಎಂದು ಹಲವರು ಭಾವಿಸುತ್ತಾರೆ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಸ್ಟಾರ್ಟರ್ ಮೋಟಾರ್ 600 ಆಂಪಿಯರ್‌ನಂತೆ ಮೂರು ಸೆಕೆಂಡು ಎಳೆದರೂ ಖರ್ಚಾಗುವುದು ಅರ್ಧ ಆಂಪಿಯರ್-ಗಂಟೆ ಮಾತ್ರ. ನಿಂತ ಬಸ್ಸಿನಲ್ಲಿ ಸದ್ದಿಲ್ಲದೆ ಸೋರುವ ಕರೆಂಟ್ ಇದಕ್ಕಿಂತ ಬಹಳ ಹೆಚ್ಚು. ನನ್ನ ಬಸ್ಸಿನ ಕೆಲವು ಸರ್ಕ್ಯೂಟ್‌ಗಳು ಮೇನ್ ಸ್ವಿಚ್‌ಗೆ ಮೊದಲೇ ಜೋಡಣೆಯಾಗಿರುವುದರಿಂದ, ಸ್ವಿಚ್ ಆರಿಸಿದರೂ ಅವು ಎಚ್ಚರವಾಗಿಯೇ ಇರುತ್ತವೆ. ನೆಗೆಟಿವ್ ತಂತಿಯನ್ನು ಬಿಚ್ಚಿ, ನಡುವೆ ಮಲ್ಟಿಮೀಟರ್ ಸೇರಿಸಿ, ನಿಯಂತ್ರಣ ಘಟಕಗಳೆಲ್ಲ ನಿದ್ರಾಸ್ಥಿತಿಗೆ ಜಾರುವವರೆಗೆ ಕಾದು ಅಳೆದಾಗ ಸುಮಾರು 60 ಮಿಲಿಆಂಪಿಯರ್ ಕಂಡಿತು. ಇದು ದಿನಕ್ಕೆ 1.4 ಆಂಪಿಯರ್-ಗಂಟೆ, ತಿಂಗಳಿಗೆ 43 ಆಂಪಿಯರ್-ಗಂಟೆ. ಇದರ ಜೊತೆಗೆ ಬ್ಯಾಟರಿ ತಾನಾಗಿಯೇ ಕಳೆದುಕೊಳ್ಳುವ ಪಾಲೂ ಇದೆ, ಅದು ಬಿಸಿಲಿನ ದಿನಗಳಲ್ಲಿ ಇನ್ನೂ ಹೆಚ್ಚುತ್ತದೆ. ಹೀಗೆ ಅರೆಬರಿದಾಗಿ ಉಳಿದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳುಗಳಾಗಿ ಕೂತು, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿಯಾಗಿ ಕರಗುವುದಿಲ್ಲ.

ಆಗಾಗ ಎಂಜಿನ್ ಸ್ಟಾರ್ಟ್ ಮಾಡಿ ಕಾಲು ಗಂಟೆ ನಿಂತಲ್ಲೇ ಓಡಿಸುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಸೀಸ-ಆಮ್ಲ ಬ್ಯಾಟರಿ ತುಂಬುತ್ತ ಬಂದಂತೆ ಒಳಗೆ ತೆಗೆದುಕೊಳ್ಳುವ ಕರೆಂಟ್ ಇಳಿಯುತ್ತ ಹೋಗುತ್ತದೆ. ಕೊನೆಯ ಶೇಕಡ 20 ಭಾಗ ತುಂಬಲು ಗಂಟೆಗಳೇ ಬೇಕು, ಮತ್ತು ಸಲ್ಫೇಟ್ ಕೂರದಂತೆ ತಡೆಯುವುದು ಆ ಕೊನೆಯ ಭಾಗವೇ. ಸರಿಯಾಗಿ ಕಾಯಲೂ ಇಲ್ಲದ ಎಂಜಿನ್ ಅದನ್ನು ಎಂದಿಗೂ ಮುಗಿಸುವುದಿಲ್ಲ.

ವೋಲ್ಟೇಜ್ ನೋಡಿಕೊಂಡು ಮನೆಬಳಕೆಯ ಬ್ಯಾಟರಿಯನ್ನೂ ಸ್ಟಾರ್ಟಿಂಗ್ ಜೋಡಿಯನ್ನೂ ಬೆಸೆಯುವ, ಬಿಡಿಸುವ ರಿಲೇಯನ್ನೂ (ತಾನಾಗಿಯೇ ಕೆಲಸ ಮಾಡುವ ಸ್ವಿಚ್) ಪರಿಶೀಲಿಸಿದೆ. ಒಳಗಿನ ಬ್ಯಾಟರಿಯೂ ಸೀಸ-ಆಮ್ಲದ್ದೇ ಆಗಿದ್ದರೆ ಅದು ಒಳ್ಳೆಯ ಆಯ್ಕೆಯೇ ಆಗುತ್ತಿತ್ತು. ಆದರೆ ಎಂಟು ಕೋಶಗಳ (ಸೆಲ್‌ಗಳ) ಲಿಥಿಯಂ ಬ್ಯಾಟರಿ ಸುಮ್ಮನಿದ್ದಾಗಲೂ ಹತ್ತಿರ ಹತ್ತಿರ 26.6 ವೋಲ್ಟ್ ತೋರಿಸುತ್ತದೆ, ತುಂಬಿದ ಸೀಸ-ಆಮ್ಲ ಜೋಡಿಯಾದರೋ ವಿಶ್ರಾಂತಿಯಲ್ಲಿ 25.4ರ ಆಸುಪಾಸಿನಲ್ಲಿರುತ್ತದೆ. ಸೀಸ-ಆಮ್ಲ ಬ್ಯಾಟರಿಗೆಂದು ನಿಗದಿಪಡಿಸಿದ ರಿಲೇಗೆ ಬಿಡಿಸಿಕೊಳ್ಳುವ ಸಂದರ್ಭವೇ ಬರುವುದಿಲ್ಲ. ಬೆಸೆದುಕೊಂಡೇ ಇದ್ದಾಗ ಯಾರಾದರೂ ಸೆಲ್ಫ್ ಹೊಡೆದರೆ, ಸ್ಟಾರ್ಟರ್‌ನ ನೂರಾರು ಆಂಪಿಯರ್‌ಗಳಲ್ಲಿ ದೊಡ್ಡ ಪಾಲು ಲಿಥಿಯಂ ಕಡೆಯಿಂದ ಹರಿದು, ಅದರ ರಕ್ಷಣಾ ಸರ್ಕ್ಯೂಟ್ ಇಡೀ ಮನೆಯ ಕರೆಂಟನ್ನೇ ಕಡಿದುಹಾಕಬಹುದು. ಇನ್ನೊಂದು ದಾರಿಯೆಂದರೆ ಇನ್ವರ್ಟರ್‌ಗೆ ಸಣ್ಣದೊಂದು ಚಾರ್ಜರ್ ಸಿಕ್ಕಿಸುವುದು. ಸೋರಿಕೆಯನ್ನು ತುಂಬಿಕೊಡಲು ಬೇಕಾದದ್ದು ಎರಡು ವ್ಯಾಟ್‌ಗೂ ಕಡಿಮೆ. ಅಷ್ಟಕ್ಕಾಗಿ ದೊಡ್ಡ ಇನ್ವರ್ಟರನ್ನು ಹಗಲಿರುಳು ಎಬ್ಬಿಸಿಟ್ಟರೆ ಅದು ತನ್ನ ಪಾಡಿಗೆ ತಾನೇ ಹತ್ತಾರು ವ್ಯಾಟ್ ನುಂಗುತ್ತದೆ.

ಕೊನೆಗೆ ನಾನು ಆರಿಸಿಕೊಂಡದ್ದು 24 ವೋಲ್ಟ್ ಒಳಬಂದು 24 ವೋಲ್ಟ್ ಹೊರಹೋಗುವ, 5 ಆಂಪಿಯರ್ ಮಿತಿಯ ಡಿಸಿ-ಡಿಸಿ ಚಾರ್ಜರ್, ಅಂದರೆ ಒಂದು ಬ್ಯಾಟರಿಯಿಂದ ಇನ್ನೊಂದನ್ನು ತುಂಬುವ ಸಾಧನ. ಇದರಲ್ಲಿ ಕರೆಂಟ್ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ, ಸ್ಟಾರ್ಟರ್ ಎಷ್ಟೇ ಎಳೆದರೂ ಲಿಥಿಯಂ ಕಡೆಗೆ ಅದರ ಬಿಸಿ ತಟ್ಟುವುದಿಲ್ಲ, ಮತ್ತು ಸೀಸ-ಆಮ್ಲಕ್ಕೆ ಒಪ್ಪುವ ಹಂತಗಳನ್ನು ಅದಕ್ಕೆ ಹೇಳಿಕೊಡಬಹುದು. ಮೊದಲು 28.8 ವೋಲ್ಟ್‌ವರೆಗೆ ಏರಿಸಿ, ಬ್ಯಾಟರಿ ತುಂಬಿದ ಮೇಲೆ 27.2 ವೋಲ್ಟ್‌ಗೆ ಇಳಿಸಿ ಹಿಡಿದಿಡುವಂತೆ ನಿಗದಿಪಡಿಸಿದ್ದೇನೆ. ಮನೆಬಳಕೆಯ ಬ್ಯಾಟರಿಯನ್ನು ಇದು ಬರಿದು ಮಾಡಬಾರದಷ್ಟೆ. ಲಿಥಿಯಂನ ವೋಲ್ಟೇಜ್ ಬಹುಪಾಲು ಒಂದೇ ಮಟ್ಟದಲ್ಲಿರುವುದರಿಂದ ವೋಲ್ಟೇಜ್ ನಂಬಿ ಕಡಿತದ ಮಿತಿ ಹಾಕುವುದು ಒರಟು ಲೆಕ್ಕವಾಗುತ್ತದೆ. ಆದ್ದರಿಂದ ಉಳಿದ ಚಾರ್ಜಿನ ಲೆಕ್ಕವಿಡುವ ಬ್ಯಾಟರಿ ಮಾನಿಟರ್‌ನ ರಿಲೇಯನ್ನು ಬಳಸಿ, ಉಳಿಕೆ ಶೇಕಡ 40ಕ್ಕಿಂತ ಕೆಳಗಿಳಿದಾಗ ಚಾರ್ಜರ್ ನಿಲ್ಲುವಂತೆ ಮಾಡಿದ್ದೇನೆ.

ತಂತಿಯ ಎರಡೂ ತುದಿಗಳಲ್ಲಿ ಫ್ಯೂಸ್ ಹಾಕಿದ್ದೇನೆ. ಎರಡೂ ತುದಿಗಳಲ್ಲಿ ಬ್ಯಾಟರಿಯೇ ಇರುವುದರಿಂದ, ನಡುವೆ ಎಲ್ಲಿ ತಂತಿ ಉಜ್ಜಿಹೋಗಿ ಚಾಸಿಸ್‌ಗೆ ತಗುಲಿದರೂ ಎರಡೂ ಕಡೆಯಿಂದ ಕರೆಂಟ್ ನುಗ್ಗುತ್ತದೆ. ಹೋಗಿಬರುವ ಹಾದಿ ಒಟ್ಟು 16 ಮೀಟರ್. 4 ಚದರ ಮಿಲಿಮೀಟರ್ ತಾಮ್ರದಲ್ಲಿ 5 ಆಂಪಿಯರ್‌ಗೆ ಬೀಳುವ ವೋಲ್ಟೇಜ್ ಸುಮಾರು 0.35. ಬ್ಯಾಟರಿ ತುಂಬುತ್ತ ಕರೆಂಟ್ ಇಳಿದಂತೆ ಈ ಕೊರತೆಯೂ ತಾನಾಗಿಯೇ ಕರಗುವುದರಿಂದ ಇನ್ನೂ ದಪ್ಪ ತಂತಿಗೆ ಹೋಗಲಿಲ್ಲ. ಮೇನ್ ಸ್ವಿಚ್ ಆರಿಸಿದಾಗಲೂ ಚಾರ್ಜ್ ಆಗುತ್ತಿರಬೇಕೆಂದು ಜೋಡಣೆಯನ್ನು ಸ್ವಿಚ್‌ನ ಬ್ಯಾಟರಿ ಬದಿಯಲ್ಲೇ ಮಾಡಿದೆ.

ನನಗೆ ಅತ್ಯಂತ ಮುಖ್ಯವೆನಿಸಿದ ವಿಷಯ ಮಾತ್ರ ಚಾರ್ಜರ್‌ನಲ್ಲಿ ಇರಲಿಲ್ಲ, ಎರಡು ಬ್ಯಾಟರಿಗಳ ನಡುವಿನ ಅಸಮತೋಲದಲ್ಲಿತ್ತು. ಬಸ್ಸು ನನ್ನ ಕೈಗೆ ಬರುವ ಮೊದಲೇ ಯಾರೋ ಮ್ಯೂಸಿಕ್ ಪ್ಲೇಯರ್‌ಗೂ ದೀಪಗಳಿಗೂ ಸರಣಿಯ ಕೆಳಗಿನ, ಅಂದರೆ ನೆಗೆಟಿವ್ ಚಾಸಿಸ್‌ಗೆ ಸೇರಿರುವ, ಬ್ಯಾಟರಿಯೊಂದರಿಂದಲೇ 12 ವೋಲ್ಟ್ ಎಳೆದಿದ್ದರು. ಚಾರ್ಜ್ ಆಗುವಾಗ ಒಟ್ಟು 28.4 ವೋಲ್ಟ್ ಇದ್ದದ್ದು ನೋಡಲು ಸರಿಯೇ. ಆದರೆ ಮಲ್ಟಿಮೀಟರಿನ ಮೊನೆಗಳನ್ನು ಒಂದೊಂದು ಬ್ಯಾಟರಿಯ ಮೇಲೆ ಇಟ್ಟಾಗ ಮೇಲಿನದು 15.0, ಕೆಳಗಿನದು 13.4 ತೋರಿಸಿತು. ಮೇಲಿನ ಬ್ಯಾಟರಿಯ ಮುಚ್ಚಳಗಳ ಸುತ್ತ ಆಮ್ಲದ ತೇವ ಕಟ್ಟಿತ್ತು, ಒಳಗೆ ಫಲಕಗಳ ಅಂಚು ನೀರಿನಿಂದ ಮೇಲೆ ಕಾಣುತ್ತಿತ್ತು. ಕೆಳಗಿನದರ ನೀರು ತುಂಬಿದಂತೆಯೇ ಇದ್ದು, ಆಮ್ಲದ ಸಾಂದ್ರತೆಯಿಂದ ಚಾರ್ಜ್ ತಿಳಿಸುವ ಹೈಡ್ರೋಮೀಟರ್ 1.20ಕ್ಕೇ ನಿಂತಿತು. ಒಂದು ಕುದಿಯುತ್ತಿತ್ತು, ಇನ್ನೊಂದು ಹಸಿದಿತ್ತು. ಸರಣಿಯ ಎರಡು ತುದಿಗೆ ಎಷ್ಟು ಒಳ್ಳೆಯ ಚಾರ್ಜರ್ ಕೂರಿಸಿದರೂ ಅದಕ್ಕೆ ಕಾಣುವುದು ಒಟ್ಟು ವೋಲ್ಟೇಜ್ ಮಾತ್ರ.

ಆ ಜೋಡಿಯನ್ನು ಒಟ್ಟಿಗೇ ಬದಲಿಸಿದೆ. ಒಂದನ್ನು ಮಾತ್ರ ಹೊಸದಾಗಿ ಹಾಕಿದರೆ ಅಸಮತೋಲ ಮೊದಲ ದಿನದಿಂದಲೇ ಮರಳುತ್ತದೆ. ನಡುವಿನಿಂದ ಎಳೆದ ತಂತಿಯನ್ನು ಕಿತ್ತು, ಒಟ್ಟು 24 ವೋಲ್ಟ್‌ನಿಂದ 12 ವೋಲ್ಟ್ ಮಾಡಿಕೊಡುವ ಪರಿವರ್ತಕವನ್ನು ಕೂರಿಸಿದೆ. ಸರಣಿಗೆ ಸೇರಿಸುವ ಮೊದಲು ಹೊಸ ಬ್ಯಾಟರಿಗಳನ್ನು 12 ವೋಲ್ಟ್ ಚಾರ್ಜರ್‌ನಿಂದ ಬೇರೆಬೇರೆಯಾಗಿ ಪೂರ್ತಿ ತುಂಬಿಸಿದೆ. ಸಂಪರ್ಕ ತಂತಿ ಇರುವಾಗಲೇ ಮೇಲಿನದನ್ನು ಪ್ರತ್ಯೇಕವಾಗಿ ಚಾರ್ಜ್ ಮಾಡುವವರು, ಅದರ ನೆಗೆಟಿವ್ ಟರ್ಮಿನಲ್ ಚಾಸಿಸ್‌ಗಿಂತ 12 ವೋಲ್ಟ್ ಮೇಲಿದೆ ಎಂಬುದನ್ನು ನೆನಪಿಡಬೇಕು. ಚಾಸಿಸ್‌ಗೆ ನೆಗೆಟಿವ್ ಸೇರಿರುವ ಚಾರ್ಜರ್ ಅಲ್ಲಿ ನೇರ ಶಾರ್ಟ್ ಆಗುತ್ತದೆ. ಆಮೇಲೆ ಎರಡರ ನಡುವೆ, ಅವುಗಳ ವೋಲ್ಟೇಜನ್ನು ಸಮವಾಗಿಡುವ ಒಂದು ಸಮತೋಲಕವನ್ನೂ ಜೋಡಿಸಿದೆ.

ಬ್ಯಾಟರಿ ಪೆಟ್ಟಿಗೆ ಎಂಜಿನ್‌ಗೆ ಹತ್ತಿರವಿರುವುದರಿಂದ ಬ್ಯಾಟರಿಯ ಪಕ್ಕಕ್ಕೇ ತಾಪಮಾನದ ಸೆನ್ಸರ್ ಅಂಟಿಸಿದ್ದೇನೆ. ಕೋಶವೊಂದಕ್ಕೆ ಪ್ರತಿ ಡಿಗ್ರಿಗೆ 4 ಮಿಲಿವೋಲ್ಟ್‌ನಂತೆ ಹನ್ನೆರಡು ಕೋಶಗಳಿಗೆ (ಬ್ಯಾಟರಿಗೆ ಆರರಂತೆ) ಲೆಕ್ಕ ಹಾಕಿದರೆ, 25 ಡಿಗ್ರಿಗೆ ಸರಿಯಾದ 27.2 ವೋಲ್ಟ್ 40 ಡಿಗ್ರಿಯಲ್ಲಿ 26.5ಕ್ಕೆ ಇಳಿಯಬೇಕು, ಇಳಿಸದಿದ್ದರೆ ನೀರು ಬೇಗ ಆರುತ್ತದೆ. ಚಾರ್ಜರನ್ನು ಆ ಪೆಟ್ಟಿಗೆಯೊಳಗೆ ಇಟ್ಟಿಲ್ಲ. ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್ ಗಾಳಿಯಲ್ಲಿ ಶೇಕಡ 4ರಷ್ಟಾದರೂ ಕಿಡಿ ತಗುಲಿದರೆ ಸ್ಫೋಟಿಸಬಲ್ಲದು.

ಈಗ ತಿಂಗಳಿಗೊಮ್ಮೆ ಚಾರ್ಜರ್ ಮತ್ತು ಸಮತೋಲಕ ಎರಡನ್ನೂ ಬಿಚ್ಚಿ, ರಾತ್ರಿಯಿಡೀ ವಿಶ್ರಾಂತಿ ಕೊಟ್ಟು, ಬೆಳಗ್ಗೆ ಒಂದೊಂದು ಬ್ಯಾಟರಿಯನ್ನೂ ಅಳೆಯುತ್ತೇನೆ. ಎರಡೂ 12.6ಕ್ಕಿಂತ ಮೇಲಿದ್ದು ವ್ಯತ್ಯಾಸ 0.1 ವೋಲ್ಟ್‌ನೊಳಗಿದ್ದರೆ ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ ಮುಚ್ಚಿಬಿಡುತ್ತೇನೆ. ವ್ಯತ್ಯಾಸ ಅದಕ್ಕಿಂತ ಹೆಚ್ಚಿದ್ದರೆ ಪ್ರತಿ ಕೋಶಕ್ಕೂ ಹೈಡ್ರೋಮೀಟರ್ ಇಳಿಸಬೇಕು. ಒಂದು ಕೋಶ ಮಾತ್ರ ಉಳಿದವುಗಳಿಗಿಂತ 0.05ರಷ್ಟು ಕೆಳಗಿದ್ದರೆ ಆ ಕೋಶ ಸೋಲುತ್ತಿದೆ ಎಂದು ಅರ್ಥ. ಸಮತೋಲಕವನ್ನು ಬಿಚ್ಚದೆ ಅಳೆದರೆ ಇದು ಕಾಣುವುದೇ ಇಲ್ಲ, ಏಕೆಂದರೆ ಅದು ಒಳ್ಳೆಯ ಬ್ಯಾಟರಿಯಿಂದ ತೆಗೆದು ಸೋಲುತ್ತಿರುವುದಕ್ಕೆ ತುಂಬುತ್ತ ಎರಡರ ವೋಲ್ಟೇಜನ್ನೂ ಒಂದೇ ಸಮನಾಗಿ ತೋರಿಸುತ್ತಿರುತ್ತದೆ.