ಇಂಗ್ಲೆಂಡಿನಲ್ಲಿ ಕೌನ್ಸಿಲ್ ಮನೆಗೆ ಬಿಡ್ ಹಾಕುವವರಿಗೆ

ಕೌನ್ಸಿಲ್ ಮನೆಗೆ, ಅಂದರೆ ಸ್ಥಳೀಯ ಆಡಳಿತ ಕಡಿಮೆ ಬಾಡಿಗೆಗೆ ಕೊಡುವ ಮನೆಗೆ, ಬಿಡ್ ಹಾಕಲು ಒಂದು ಪೆನ್ನಿಯೂ ಬೇಕಿಲ್ಲ. ಇಲ್ಲಿ ಬಿಡ್ ಎಂದರೆ ಹರಾಜಲ್ಲ, ‘ಈ ಮನೆ ನನಗೆ ಬೇಕು’ ಎಂದು ತಿಳಿಸುವುದಷ್ಟೇ. ಹಣ ಕೊಟ್ಟರೆ ಮನೆ ಕೊಡಿಸುತ್ತೇನೆ ಎನ್ನುವವರನ್ನು ಹೊಸ್ತಿಲು ದಾಟಲು ಬಿಡಬೇಡಿ. ಕೌನ್ಸಿಲ್ ಮತ್ತು ಹೌಸಿಂಗ್ ಅಸೋಸಿಯೇಷನ್‌ಗಳು (ಇಂಥ ಮನೆಗಳನ್ನೇ ಬಾಡಿಗೆಗೆ ಕೊಡುವ ಸಂಸ್ಥೆಗಳು) ಖಾಲಿಯಾದ ಮನೆಗಳ ಜಾಹೀರಾತು ಹಾಕುತ್ತವೆ; ಆರಿಸಿ ಬಿಡ್ ಹಾಕುವವರು ನಾವು. ಸಾಮಾನ್ಯವಾಗಿ ಅಗತ್ಯ ಹೆಚ್ಚಿರುವವರಿಗೆ ಮೊದಲ ಅವಕಾಶ, ಅಗತ್ಯ ಸಮನಾಗಿದ್ದರೆ ಹೆಚ್ಚು ಕಾಲ ಕಾದವರಿಗೆ. ನೆದರ್ಲೆಂಡ್ಸಿನ ಡೆಲ್ಫ್ಟ್ ನಗರದಲ್ಲಿ ಶುರುವಾದ ಈ ಪದ್ಧತಿ 2000ದ ದಶಕದ ಆರಂಭದಲ್ಲಿ ಇಂಗ್ಲೆಂಡಿಗೆ ಬಂತು.

ಇಲ್ಲಿನ ನಮ್ಮ ಕನ್ನಡದ ಕುಟುಂಬಗಳು ಕೌನ್ಸಿಲಿನ ಕಾಯುವವರ ಪಟ್ಟಿಗೆ ಸೇರುವ ಅರ್ಜಿ ತುಂಬಿಸಲು ನನ್ನನ್ನು ಕರೆದಾಗ ಮೊದಲು ವೀಸಾ ಕೇಳುತ್ತೇನೆ. ಸ್ಕಿಲ್ಡ್ ವರ್ಕರ್ ವೀಸಾದಂತೆ ಸರ್ಕಾರಿ ನೆರವಿಗೆ ನಿರ್ಬಂಧವಿರುವ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ಈ ಮನೆಗಳು ಸಿಗುವುದಿಲ್ಲ. ಕಾಯಂ ನೆಲೆಸುವ ಅನುಮತಿ ಪಡೆದು ಇಲ್ಲೇ ವಾಸವಿರುವವರು ಅರ್ಜಿ ಹಾಕಬಹುದು. ಆದರೆ ಅದೇ ಊರಿನಲ್ಲಿ ಇಷ್ಟು ವರ್ಷ ಇದ್ದಿರಬೇಕು ಎಂಬ ನಿಯಮ ಬಹಳ ಕೌನ್ಸಿಲ್‌ಗಳಲ್ಲಿದೆ, ಅದು ಒಂದೊಂದು ಕಡೆ ಒಂದೊಂದು ರೀತಿ. ನಿಮ್ಮ ಕೌನ್ಸಿಲಿನ ಹಂಚಿಕೆ ನಿಯಮಾವಳಿಯನ್ನೇ ಓದಿ, ಪಕ್ಕದ ಊರಿನ ಗೆಳೆಯರ ಮಾತು ನಂಬಬೇಡಿ.

ಅರ್ಜಿಯಲ್ಲಿ ನಿಮ್ಮ ಕಷ್ಟವನ್ನು ಬಿಡಿಸಿ ಬರೆಯಿರಿ. ‘ಅತ್ತೆಗೆ ಮಂಡಿ ನೋವು’ ಎಂದರೆ ಓದುವ ಅಧಿಕಾರಿಗೆ ಏನೂ ತಿಳಿಯುವುದಿಲ್ಲ. ‘ಮನೆ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ, ಆಸ್ಪತ್ರೆಗೆ ಹೋಗುವ ದಿನ ಬಿಟ್ಟರೆ ಅವರು ಕೆಳಗಿಳಿಯುವುದೇ ಇಲ್ಲ’ ಎಂದು ಬರೆದು, ವೈದ್ಯರ ಪತ್ರ ಜೊತೆಗಿಟ್ಟರೆ ಅದಕ್ಕೊಂದು ತೂಕ. ನಮ್ಮವರು ಸಂಕೋಚದಿಂದ ಇಂಥದ್ದನ್ನೇ ಮುಚ್ಚಿಡುತ್ತಾರೆ ಎಂಬುದು ನನಗೆ ನೋವಿನ ವಿಷಯ. ಇದ್ದದ್ದನ್ನು ಇದ್ದಂತೆ ಹೇಳಿ. ಸುಳ್ಳು ಮಾಹಿತಿ ಕೊಡುವುದು ಅಪರಾಧ. ಮನೆಯವರಿಗೆಲ್ಲ ಜಾಗ ಸಾಲದಿರುವುದು, ತೇವ ಹಿಡಿದ ಗೋಡೆ, ಮನೆ ಬಿಡಲು ಬಂದ ನೋಟಿಸ್, ಇವನ್ನೂ ಸೇರಿಸಿ. ಇದನ್ನೆಲ್ಲ ನೋಡಿ ನಿಮಗೆ ಬ್ಯಾಂಡ್ (ಆದ್ಯತೆಯ ದರ್ಜೆ) ಅಥವಾ ಅಂಕ ಕೊಡುತ್ತಾರೆ. ತೀರ್ಮಾನ ಸರಿಯಿಲ್ಲ ಎನಿಸಿದರೆ ಮರುಪರಿಶೀಲನೆ ಕೇಳುವ ಹಕ್ಕು ನಿಮಗಿದೆ. ಪತ್ರದಲ್ಲಿರುವ ಗಡುವಿನೊಳಗೆ ಕೇಳಿ. ಮಗು ಹುಟ್ಟಿದರೆ, ವಿಳಾಸ ಬದಲಾದರೆ ತಕ್ಷಣ ತಿಳಿಸಿ.

ಇನ್ನು ಬಿಡ್. ಹಲವು ಕಡೆ ವಾರಕ್ಕೊಮ್ಮೆ ಹೊಸ ಪಟ್ಟಿ ಬರುತ್ತದೆ, ಪ್ರತಿ ಸುತ್ತಿಗೆ ಎರಡು ಮೂರು ಬಿಡ್ ಮಾತ್ರ. ಪಟ್ಟಿ ಬಂದ ಕ್ಷಣವೇ ಒತ್ತುವ ಅವಸರ ಸಾಮಾನ್ಯವಾಗಿ ಬೇಕಿಲ್ಲ, ಗಡುವಿನೊಳಗೆ ಹಾಕಿದರೆ ಸಾಕು.

ನಾನು ಎಲ್ಲರನ್ನೂ ಮೊದಲು ಕರೆದೊಯ್ಯುವುದು ಹಳೆಯ ಫಲಿತಾಂಶಗಳ ಪುಟಕ್ಕೆ. ಯಾವ ಮನೆಗೆ ಎಷ್ಟು ಬಿಡ್ ಬಂದವು, ಗೆದ್ದವರ ಬ್ಯಾಂಡ್ ಯಾವುದು, ಅವರು ಎಂದಿನಿಂದ ಕಾಯುತ್ತಿದ್ದರು ಎಂಬುದನ್ನು ಬಹಳ ಕೌನ್ಸಿಲ್‌ಗಳು ಪ್ರಕಟಿಸುತ್ತವೆ. ಹಿತ್ತಲಿರುವ ಮನೆಗಳೆಲ್ಲ ಬ್ಯಾಂಡ್ ಎ ಇದ್ದವರಿಗೇ ಹೋಗಿದ್ದರೆ, ಬ್ಯಾಂಡ್ ಸಿ ಇಟ್ಟುಕೊಂಡು ಅವಕ್ಕೇ ಬಿಡ್ ಹಾಕುವುದು ವ್ಯರ್ಥ. ಅದೇ ಬೀದಿಯ ಫ್ಲ್ಯಾಟ್ ನಿಮ್ಮ ಬ್ಯಾಂಡಿನವರಿಗೆ ಸಿಕ್ಕಿದ್ದರೆ ಅತ್ತ ನೋಡಿ. ಬಿಡ್ ಹಾಕಿದವರ ಸಾಲಿನಲ್ಲಿ ನಿಮ್ಮ ಸ್ಥಾನ ತೋರಿಸುವ ಕಡೆ, ನಲವತ್ತನೆಯವರಾಗಿದ್ದರೆ ಗಡುವಿಗೆ ಮುನ್ನ ಆ ಬಿಡ್ ಹಿಂಪಡೆದು ಬೇರೆ ಮನೆಗೆ ಹಾಕಲು ಆಗುತ್ತದೆಯೇ ನೋಡಿ.

ಜಾಹೀರಾತಿನ ಸಣ್ಣ ಅಕ್ಷರಗಳನ್ನೂ ಬಿಡಬೇಡಿ: ವಯಸ್ಸಿನ ಮಿತಿ, ಎಷ್ಟನೇ ಮಹಡಿ, ಸೇವಾ ಶುಲ್ಕ. ‘ಅಫರ್ಡಬಲ್ ರೆಂಟ್’ ಎಂದಿದ್ದರೆ ಬಾಡಿಗೆ ಮಾರುಕಟ್ಟೆ ದರದ ಶೇ. 80ರವರೆಗೂ ಇರಬಹುದು, ‘ಸೋಶಿಯಲ್ ರೆಂಟ್’ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ದುಡಿಯುವ ವಯಸ್ಸಿನವರು ಬಾಡಿಗೆಗೆ ಸರ್ಕಾರದ ನೆರವು ಪಡೆಯುತ್ತಿದ್ದು, ಕುಟುಂಬಕ್ಕೆ ಬೇಕಾದ ಲೆಕ್ಕಕ್ಕಿಂತ ಒಂದು ಮಲಗುವ ಕೋಣೆ ಹೆಚ್ಚಿದ್ದರೆ ಬಾಡಿಗೆಯ ಶೇ. 14ರಷ್ಟು, ಎರಡು ಅಥವಾ ಹೆಚ್ಚು ಇದ್ದರೆ ಶೇ. 25ರಷ್ಟು ನೆರವು ಸಾಮಾನ್ಯವಾಗಿ ಕಡಿತವಾಗುತ್ತದೆ. ಈ ನಿಯಮ 2013ರಿಂದ ಇದೆ.

ಹೋಗಲು ಮನಸ್ಸಿಲ್ಲದ ಮನೆಗೆ ಸುಮ್ಮನೆ ಬಿಡ್ ಹಾಕಬೇಡಿ; ಸಿಕ್ಕ ಮನೆಗಳನ್ನು ನಿರಾಕರಿಸುತ್ತಾ ಹೋದರೆ ಆದ್ಯತೆ ಇಳಿಸುವ ಕೌನ್ಸಿಲ್‌ಗಳಿವೆ. ಮನೆ ನೋಡಲು ಕರೆ ಬಂದರೆ ಒಪ್ಪಿಗೆ ಹೇಳಲು ಸಿಗುವ ಸಮಯ ಕಡಿಮೆ, ಆದ್ದರಿಂದ ಪಾಸ್‌ಪೋರ್ಟ್, ಸಂಬಳದ ಚೀಟಿ, ಬ್ಯಾಂಕ್ ವಿವರಗಳನ್ನು ಮೊದಲೇ ಒಂದು ಕಡೆ ಜೋಡಿಸಿಡಿ. ನೆಲಕ್ಕೆ ಹಾಸು, ಒಲೆ, ಫ್ರಿಜ್ ಸಾಮಾನ್ಯವಾಗಿ ಇರುವುದಿಲ್ಲ. ಮುಂಗಡ ಬಾಡಿಗೆಯ ಜೊತೆಗೆ ಇವಕ್ಕೂ ಹಣ ತೆಗೆದಿಡಿ. ನೋಡಲು ಹೋದಾಗ ಅಳತೆ ಟೇಪ್ ಒಯ್ಯಿರಿ, ದುರಸ್ತಿ ಮಾಡಿಕೊಡುತ್ತೇವೆ ಎಂದದ್ದನ್ನು ಸಹಿ ಹಾಕುವ ಮೊದಲು ಬರಹದಲ್ಲಿ ಕೇಳಿ ಪಡೆಯಿರಿ.