ಮುಖ್ಯೋಪಾಧ್ಯಾಯರು ‘ಆಗಲಿ’ ಎನ್ನುವಂತೆ ಮನವಿ ಬರೆಯುವುದು ಹೇಗೆ?

ಶಾಲೆಯಲ್ಲಿ ಹೊಸ ಚಟುವಟಿಕೆ ಬೇಕೆಂದು ಮಕ್ಕಳು ಬರೆಯುವ ಮನವಿಗಳಲ್ಲಿ ಹೆಚ್ಚಿನವು ‘ಇದರಿಂದ ವಿದ್ಯಾರ್ಥಿಗಳ ಸರ್ವಾಂಗೀಣ ಬೆಳವಣಿಗೆಯಾಗುತ್ತದೆ’ ಎಂಬಲ್ಲಿಗೆ ಬಂದು ನಿಲ್ಲುತ್ತವೆ. ಓದಿದವರು ತಲೆಯಾಡಿಸುತ್ತಾರೆ, ಪತ್ರ ಫೈಲು ಸೇರುತ್ತದೆ. ಅಕ್ಷರ ದುಂಡಗಿಲ್ಲವೆಂದಲ್ಲ, ಪೆನ್ನು ಹಿಡಿಯುವ ಮೊದಲು ವಿಚಾರ ಕೂಡಿಸಿಕೊಂಡಿರುವುದಿಲ್ಲ.

ಹೊನ್ನಾವರದ ಕಡೆಯ ಪ್ರೌಢಶಾಲೆಯೊಂದರ ಮಕ್ಕಳಿಗೆ ತಾಳಮದ್ದಲೆ, ಅಂದರೆ ಕುಣಿತವಿಲ್ಲದೆ ಕುಳಿತು ಹಾಡು, ಮಾತಿನಲ್ಲೇ ಕಥೆ ನಡೆಸುವ ಯಕ್ಷಗಾನದ ಪ್ರಕಾರ, ಕಲಿಯುವ ಆಸೆ ಎಂದಿಟ್ಟುಕೊಳ್ಳಿ. ಕೆರೆಮನೆ ಯಕ್ಷಗಾನ ಮೇಳ 1934ರಲ್ಲಿ ಹುಟ್ಟಿದ ತಾಲ್ಲೂಕು ಅದು, ಆಸೆಯಲ್ಲಿ ಆಶ್ಚರ್ಯವಿಲ್ಲ.

ಮೊದಲ ಕೆಲಸ, ಶಾಲೆಯಲ್ಲಿ ಈಗ ಏನು ಪೋಲಾಗುತ್ತಿದೆ ಎಂದು ನೋಡುವುದು. ಕರಾವಳಿಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮೈದಾನವೆಂದರೆ ಕೆಸರುಗದ್ದೆ. ಆಟದ ಅವಧಿಯಲ್ಲಿ ಮಕ್ಕಳು ತರಗತಿಯಲ್ಲೇ ಕುಳಿತು ಗಲಾಟೆ ಮಾಡುತ್ತಾರೆ. ಒಂದು ತಿಂಗಳು ಲೆಕ್ಕ ಬರೆದಿಡಿ: ಆಟದ ಅವಧಿ ಎಷ್ಟಿತ್ತು, ಮಳೆ ಎಷ್ಟನ್ನು ನುಂಗಿತು. ತಾಳಮದ್ದಲೆಯೋ, ಮೊದಲಿನಿಂದಲೂ ಮಳೆಗಾಲದ ನಂಟು. ವೇಷ ಬೇಡ, ರಂಗಸ್ಥಳ ಬೇಡ, ಸೂರಿನಡಿ ಕುಳಿತರೆ ಸಾಕು. ಹೊಸ ಸಮಯ ಕೇಳುವ ಬದಲು ಹಾಳಾಗುವ ಸಮಯವನ್ನೇ ಕೇಳಿದರೆ ಅರ್ಧ ಗೆದ್ದಂತೆ.

ಎರಡನೆಯದು, ಒಂದು ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ‘ಬೇಡ’ ಎನ್ನಬಹುದಾದ ಕಾರಣಗಳನ್ನು ಬರೆಯುವುದು. ಇದನ್ನು ಅವಸರದಲ್ಲಿ ಮುಗಿಸಬೇಡಿ. ಕಲಿಸುವವರು ಯಾರು? ಪಕ್ಕದ ತರಗತಿಗೆ ಸದ್ದಾಗದೇ? ಸಂಜೆ ತಡವಾಗಿ ಹಳ್ಳಿಯ ಬಸ್ ತಪ್ಪಿದರೆ? ಹತ್ತನೆಯ ತರಗತಿಯ ಫಲಿತಾಂಶ? ಒಂದೊಂದಕ್ಕೂ ಬಲಗಡೆ ಉತ್ತರ ಬರಬೇಕು. ಚೆಂಡೆ ಬೇಡ, ತಾಳ ಮತ್ತು ಮದ್ದಲೆ ಸಾಕು. ತರಗತಿ ಶಾಲೆಯ ಅವಧಿಯಲ್ಲೇ ನಡೆಯುವುದರಿಂದ ಬಸ್ಸಿನ ಚಿಂತೆಯಿಲ್ಲ. ಈ ವರ್ಷಕ್ಕೆ ಎಂಟು, ಒಂಬತ್ತನೆಯವರು ಮಾತ್ರ. ಕಲಿಸಲು ಊರಿನಲ್ಲಿ ಅರ್ಥ ಹೇಳುವವರನ್ನು (ತಾಳಮದ್ದಲೆಯಲ್ಲಿ ಪಾತ್ರದ ಮಾತು ಆಡುವವರನ್ನು) ಕಂಡು ಒಪ್ಪಿಗೆ ಪಡೆದೇ ಪತ್ರ ಬರೆಯಿರಿ. ಬಲಗಡೆ ಖಾಲಿ ಉಳಿದ ಸಾಲಿದ್ದರೆ ಅದನ್ನು ಮುಚ್ಚಿಡಬೇಡಿ, ‘ಈ ವಿಷಯದಲ್ಲಿ ತಮ್ಮ ಸಲಹೆ ಬೇಕು’ ಎಂದು ನೇರವಾಗಿ ಕೇಳಿ. ಮೇಷ್ಟ್ರುಗಳಿಗೆ ಸಲಹೆ ಕೊಡುವುದೆಂದರೆ ಎಷ್ಟು ಇಷ್ಟವೆಂದು ನಿಮಗೆ ಗೊತ್ತೇ ಇದೆ.

ಮೂರನೆಯದು, ದೊಡ್ಡ ಮಾತನ್ನು ಕಣ್ಣಿಗೆ ಕಾಣುವಂತೆ ಇಳಿಸುವುದು. ‘ತಾಳಮದ್ದಲೆಯಿಂದ ಮಾತಿನ ಕೌಶಲ ಹೆಚ್ಚುತ್ತದೆ’ ಎಂದರೆ ಯಾರಿಗೂ ಏನೂ ಕಾಣುವುದಿಲ್ಲ. ಹೀಗೆ ಬರೆದು ನೋಡಿ: ‘ಸಂಧಾನಕ್ಕೆ ಬಂದ ಕೃಷ್ಣನ ಮಾತಿಗೆ ಕೌರವನ ಪಾತ್ರಧಾರಿ ಅಲ್ಲೇ ಉತ್ತರ ಕೊಡಬೇಕು. ಬಾಯಿಪಾಠ ನಡೆಯುವುದಿಲ್ಲ. ತರಗತಿಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಲು ಹೆದರುವ ನಮ್ಮಂಥವರಿಗೆ ಇದು ಅಭ್ಯಾಸವಾಗುತ್ತದೆ.’

ಕೋರಿಕೆ ಚಿಕ್ಕದಿರಲಿ. ವರ್ಷವಿಡೀ ಎನ್ನದೆ, ಮಳೆ ಬಂದ ಆರು ಆಟದ ಅವಧಿಗಳು ಎನ್ನಿ. ಬೇಡವೆನಿಸಿದರೆ ನಿಲ್ಲಿಸಬಹುದೆಂಬ ಧೈರ್ಯವಿದ್ದರೆ ಒಪ್ಪುವುದು ಸುಲಭ. ಎಸ್‌ಡಿಎಂಸಿಗೂ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಒಂದು ಪ್ರತಿ ಕೊಡುವುದಾದರೆ ಮುಖ್ಯೋಪಾಧ್ಯಾಯರಿಗೆ ಮೊದಲೇ ತಿಳಿಸಿ.

ಇಂದ, ಗೆ, ಮಾನ್ಯರೇ, ವಿಷಯ ಇವೆಲ್ಲ ವ್ಯಾಕರಣ ಪುಸ್ತಕದಲ್ಲಿವೆ. ‘ವಿಷಯ’ದ ಸಾಲಿನಲ್ಲಿ ಮಾತ್ರ ‘ಹೊಸ ಚಟುವಟಿಕೆಯ ಬಗ್ಗೆ’ ಎಂದು ಗೀಚದೆ ‘ಮಳೆಯಿಂದ ತಪ್ಪುವ ಆಟದ ಅವಧಿಯಲ್ಲಿ ತಾಳಮದ್ದಲೆ ಕಲಿಯಲು ಅನುಮತಿ ಕೋರಿ’ ಎಂದು ಪೂರ್ತಿ ಬರೆಯಿರಿ. ಪತ್ರ ಒಂದು ಪುಟ ಮೀರದಿರಲಿ. ಬಿಸಿಯೂಟದ ಗಡಿಬಿಡಿಯಲ್ಲಿ ಕೊಡಬೇಡಿ. ಜೋರು ಮಳೆ ಹೊಯ್ದು ಆಟ ತಪ್ಪಿದ ದಿನವೇ, ಗಲಾಟೆ ಆಫೀಸಿಗೂ ಕೇಳುತ್ತಿರುವಾಗ, ಕೊಂಡೊಯ್ದು ಕೊಡಿ.